ಹನ್ನೆರಡು ಪಟ್ಟಿ, ಒಂದು ಬೋಲ್ಟ್

ಪ್ರಶ್ನೆ: ನಾವು ಕಚೇರಿಗೆ ಬೇಕಾದ ತಿರುಗುವ ಕುರ್ಚಿ ಮಾಡುತ್ತೇವೆ. ಮೂರು ಮಾಡೆಲ್, ಒಂದೊಂದಕ್ಕೂ ನಾಲ್ಕು ಬಣ್ಣ. ಒಟ್ಟು 12 ಬಿಒಎಂ (ಒಂದು ಕುರ್ಚಿಗೆ ಯಾವ ಸಾಮಾನು ಎಷ್ಟು ಬೇಕು ಎಂಬ ಪಟ್ಟಿ), ಎಲ್ಲವೂ ಎಕ್ಸೆಲ್‌ನಲ್ಲಿವೆ. ಆದರೂ ಪ್ರತಿ ತಿಂಗಳು ಒಂದು ಸಾಮಾನು ಸಾಲುವುದಿಲ್ಲ, ಇನ್ನೊಂದು ರಾಶಿ ಬೀಳುತ್ತದೆ. ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತಾ ಸಾರ್?

ಉತ್ತರ: ಇಲ್ಲ. ತಪ್ಪು ಪಟ್ಟಿಯನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ತಪ್ಪು ಆರ್ಡರ್ ಇನ್ನೂ ಬೇಗ ಹೊರಡುತ್ತದೆ, ಅಷ್ಟೇ.

ಪ್ಲಾನಿಂಗ್‌ಗೆ ಬರುವ ಮೊದಲು ನಾನು ಹನ್ನೊಂದು ವರ್ಷ ಸ್ಟೋರ್ಸ್‌ನಲ್ಲಿದ್ದೆ. ಒಂದು ಸಲ ಡಿಸೈನಿನವರು ಸೀಟಿನ ಹಲಗೆಯನ್ನು ತೆಳು ಮಾಡಿದರು. ಬೋಲ್ಟ್ 25 ಮಿ.ಮೀ.ನಿಂದ 20ಕ್ಕೆ ಇಳಿಯಬೇಕಿತ್ತು. ಡ್ರಾಯಿಂಗ್‌ನಲ್ಲಿ ಇಳಿಯಿತು. ನಮ್ಮಲ್ಲಿ ಒಂಬತ್ತು ಪಟ್ಟಿ ಇದ್ದವು, ಏಳನ್ನು ತಿದ್ದಿದರು, ಎರಡು ಮರೆತರು. ಪಟ್ಟಿಯಲ್ಲಿ ಇದ್ದದ್ದನ್ನೇ ನಾನು ಕೊಟ್ಟೆ. ಬೋಲ್ಟಿನ ತುದಿ ಹಲಗೆ ದಾಟಿ ಫೋಮಿಗೆ ನುಗ್ಗಿತ್ತು. ಅದು ಗೊತ್ತಾದದ್ದು ಇನ್‌ಸ್ಪೆಕ್ಟರ್ ಕೂತಾಗ!

ನಿಮ್ಮದೂ ಇದೇ ಕಾಯಿಲೆ ಅನ್ನಿಸುತ್ತದೆ. ಐದು ಕಾಲಿನ ಬೇಸ್, ಗ್ಯಾಸ್ ಲಿಫ್ಟ್, ಐದು ಗಾಲಿ, ಇವು ಹನ್ನೆರಡಕ್ಕೂ ಒಂದೇ ಅಲ್ವಾ? ಅದನ್ನು ಒಂದು ಸಬ್ ಅಸೆಂಬ್ಲಿ (ಮೊದಲೇ ಜೋಡಿಸಿಟ್ಟ ಭಾಗ) ಮಾಡಿ, ಅದಕ್ಕೇ ಒಂದು ನಂಬರ್, ಒಂದು ಪಟ್ಟಿ ಕೊಡಿ. ಮೇಲಿನ ಹನ್ನೆರಡು ಪಟ್ಟಿಯಲ್ಲಿ ಆ ನಂಬರ್ ಮಾತ್ರ ಬರಲಿ. ಗಾಲಿ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಬಣ್ಣ ಅಂದರೆ ಕೊನೆಗೆ ಸೀಟು ಮತ್ತು ಬೆನ್ನಿನ ಬಟ್ಟೆ ತಾನೇ.

ಹಾಗಂತ ಎರಡು ತುಂಡು ಜೋಡಿಸಿದ ಕಡೆಯೆಲ್ಲ ನಂಬರ್ ಕೊಡಬೇಡಿ. ರ‍್ಯಾಕಿಗೆ ಹೋಗಿ ಕೂರುವ, ಎಣಿಸಿ ಇಡುವ ಸಾಮಾನಿಗೆ ಸ್ಟಾಕ್ ನಂಬರ್ ಬೇಕು. ಒಬ್ಬರ ಕೈಯಿಂದ ನೇರ ಇನ್ನೊಬ್ಬರ ಕೈಗೆ ಹೋಗುವುದಕ್ಕೆ ಬೇಡ. ಪಟ್ಟಿಯ ಅನುಕೂಲಕ್ಕೆ ಅದನ್ನು ಒಟ್ಟಿಗೆ ತೋರಿಸಲೇಬೇಕಿದ್ದರೆ ‘ಫ್ಯಾಂಟಮ್’ ಎಂದು ಗುರುತು ಹಾಕಿ. ಆಗ ಲೆಕ್ಕ ಅಲ್ಲಿ ನಿಲ್ಲದೆ ಕೆಳಗಿನ ಬಿಡಿಭಾಗಗಳಿಗೇ ಇಳಿಯುತ್ತದೆ.

ಆಮೇಲೆ ಡ್ರಾಯಿಂಗ್ ಪಕ್ಕಕ್ಕಿಟ್ಟು, ಪ್ಯಾಕ್ ಆದ ಒಂದು ಕುರ್ಚಿಯನ್ನು ಫಿಟ್ಟರ್ ಜೊತೆ ಕೂತು ಬಿಚ್ಚಿ. ಕಾರ್ಟನ್, ಪ್ಲಾಸ್ಟಿಕ್ ಕವರ್, ಲೇಬಲ್, ಅಲೆನ್ ಕೀ, ಅಂಟು: ಡಿಸೈನ್ ಪಟ್ಟಿಯಲ್ಲಿ ಇವು ಇರುವುದೇ ಅಪರೂಪ. ತಿಂಗಳ ಕೊನೆಗೆ ಕೈಕೊಡುವುದೂ ಜಾಸ್ತಿ ಇವೇ. ಸ್ಟೇಪಲ್ ಪಿನ್ನನ್ನು ಮಾತ್ರ ಕುರ್ಚಿಗಿಷ್ಟು ಅಂತ ಎಣಿಸುತ್ತಾ ಕೂರಬೇಡಿ. ಎರಡು ಡಬ್ಬ ಇಡಿ, ಒಂದು ಖಾಲಿಯಾದಾಗ ತರಿಸಿ.

ರಾಶಿ ಬೀಳುವುದಕ್ಕೆ ಕಾರಣ ಬೇಕಾದರೆ ಅಳತೆಯ ಕಾಲಂ ನೋಡಿ. ಬಟ್ಟೆ ಕೊಳ್ಳುವುದು ರೋಲಿನಲ್ಲಿ, ಕತ್ತರಿಸುವುದು ಮೀಟರಿನಲ್ಲಿ. ಅಂಟು 50 ಗ್ರಾಂ ಬೇಕು, ಕಾಲಂನಲ್ಲಿ ಕಿಲೋ ಎಂದಿದ್ದರೆ? ನಗಬೇಡಿ, ನಾನು ಅಂಥದ್ದನ್ನು ನೋಡಿದ್ದೇನೆ.

ಹಾಳಾಗುವ ಲೆಕ್ಕದಲ್ಲೂ ಒಂದು ಸಣ್ಣ ಮೋಸ ಇದೆ. ನೂರಕ್ಕೆ ಐದು ಸೀಟ್ ಕವರ್ ಹೊಲಿಗೆಯಲ್ಲಿ ಹಾಳಾಗುತ್ತವೆ ಅನ್ನಿ. ನೂರು ಒಳ್ಳೆಯ ಕವರ್ ಬೇಕಾದರೆ ಎಲ್ಲರೂ 105 ಕತ್ತರಿಸುತ್ತಾರೆ. ಆದರೆ 105ರಲ್ಲೂ ಶೇ. 5 ಹೋದರೆ ಉಳಿಯುವುದು 99.75. ನೂರನ್ನು 0.95ರಿಂದ ಭಾಗಿಸಬೇಕು: 105.26, ಅಂದರೆ 106 ಕತ್ತರಿಸಿ.

ಇನ್ನು ಬದಲಾವಣೆ. ಹಳೆಯದರ ಜಾಗದಲ್ಲಿ ಹೊಸದು, ಹೊಸದರ ಜಾಗದಲ್ಲಿ ಹಳೆಯದು ಸಲೀಸಾಗಿ ಕೂತರೆ ನಂಬರ್ ಅದೇ ಇರಲಿ, ರಿವಿಷನ್ (ಎಷ್ಟನೇ ತಿದ್ದುಪಡಿ ಎಂಬ ಗುರುತು) ಏರಿಸಿದರೆ ಸಾಕು. ಕೂರದಿದ್ದರೆ ಹೊಸ ನಂಬರೇ ಬೇಕು. ನಮ್ಮ 20 ಮತ್ತು 25ರ ಬೋಲ್ಟ್‌ಗಳು ಒಂದೇ ನಂಬರಿನಲ್ಲಿ, ಒಂದೇ ಡಬ್ಬದಲ್ಲಿ ಸೇರಿದ್ದವು. ಪಟ್ಟಿ ಸರಿಪಡಿಸಿದ ಮೇಲೂ ಒಂದು ವಾರ ಆರಿಸುತ್ತಾ ಕೂತಿದ್ದೆವು. ಯಾವ ದಿನದಿಂದ ಹೊಸದು, ಉಳಿದ ಹಳೆಯದನ್ನು ಏನು ಮಾಡುವುದು ಎಂಬುದನ್ನೂ ಬದಲಾವಣೆ ಬರೆದ ಹಾಳೆಯಲ್ಲೇ ಬರೆಯಿರಿ.

ಮೂರು ತಿಂಗಳು ಹೀಗೆ ನಡೆಸಿ. ಪಟ್ಟಿ ಕೇಳಿದ್ದೆಷ್ಟು, ಸ್ಟೋರ್ಸ್ ನಿಜವಾಗಿ ಕೊಟ್ಟದ್ದೆಷ್ಟು ಅಂತ ಪಕ್ಕಪಕ್ಕ ಬರೆದಿಡಿ. ಎರಡೂ ಹತ್ತಿರ ಬಂದಾಗ ಸಾಫ್ಟ್‌ವೇರ್ ಮಾರುವವರನ್ನು ಕರೆಯಿರಿ. ಅಲ್ಲಿಯವರೆಗೆ ಎಕ್ಸೆಲ್ ಸಾಕು, ಆದರೆ ತಿದ್ದುವ ಪಾಸ್‌ವರ್ಡ್ ಒಬ್ಬರ ಹತ್ತಿರ ಮಾತ್ರ ಇರಲಿ.