ಅಮೆರಿಕದಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳುವಾಗ ಎಚ್‌ಒಎ ಶುಲ್ಕ ಇದ್ದರೆ ಆ ಮನೆ ಬಿಟ್ಟುಬಿಡಬೇಕಾ?

ಸುಮ್ನೆ ಬಿಡಬೇಡಿ, ಮೊದಲು ಲೆಕ್ಕ ಹಾಕಿ. ಎಚ್‌ಒಎ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಅದರ ಶುಲ್ಕ ನಮ್ಮ ಅಪಾರ್ಟ್‌ಮೆಂಟ್ ಮೆಂಟೇನೆನ್ಸ್ ಇದ್ದ ಹಾಗೆ, ಲಿಫ್ಟು ಜನರೇಟರ್ ಇಲ್ಲ ಅಷ್ಟೇ. ತಿಂಗಳಿಗೆ 2,100 ಡಾಲರ್ ಬಾಡಿಗೆ ಬಂದು, ಸಾಲದ ಕಂತು, ಟ್ಯಾಕ್ಸ್, ಇನ್ಶೂರೆನ್ಸ್, ರಿಪೇರಿ ಎಲ್ಲ ಕಳೆದು 200 ಉಳಿಯುತ್ತದೆ ಅಂದುಕೊಳ್ಳಿ. ಎಚ್‌ಒಎ 65 ಇದ್ದರೆ ಲಾಭದ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಮನೆ ಖಾಲಿ ಬಿದ್ದಿದ್ದರೂ ಕಟ್ಟಲೇಬೇಕು.

ನನ್ನ ಪ್ರಕಾರ ಶುಲ್ಕಕ್ಕಿಂತ ನಿಯಮಗಳೇ ಜಾಸ್ತಿ ತಲೆನೋವು. ಕೆಲವು ಕಡೆ ಇಷ್ಟೇ ಮನೆ ಬಾಡಿಗೆಗೆ ಕೊಡಬಹುದು ಅಂತ ಮಿತಿ ಇರುತ್ತದೆ, ಇನ್ನು ಕೆಲವು ಕಡೆ ಕೊಂಡ ಮೊದಲ ವರ್ಷ ಕೊಡುವಂತೆಯೇ ಇಲ್ಲ. ಬಾಡಿಗೆದಾರ ಹುಲ್ಲು ಕತ್ತರಿಸದೆ, ಕಸದ ಡಬ್ಬಿ ರಸ್ತೆಯಲ್ಲೇ ಬಿಟ್ಟರೆ ದಂಡದ ಕಾಗದ ಬರುವುದು ನಿಮ್ಮ ಹೆಸರಿಗೆ, ಅಲ್ವಾ? ಅಂಥ ದಂಡ ಬಾಡಿಗೆದಾರನೇ ಕಟ್ಟಬೇಕು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ.

ಟೆಕ್ಸಸ್‌ನಲ್ಲಾದರೆ ರೀಸೇಲ್ ಸರ್ಟಿಫಿಕೇಟ್ ಕೇಳಿ, ಅಂದರೆ ಮನೆ ಮಾರುವಾಗ ಸಂಘ ಕೊಡುವ ವಿವರ ಪತ್ರ. ಸಂಘದ ಹತ್ತಿರ ರಿಸರ್ವ್ (ದೊಡ್ಡ ಖರ್ಚಿಗೆ ಎತ್ತಿಟ್ಟ ಹಣ) ಎಷ್ಟಿದೆ, ಸ್ಪೆಷಲ್ ಅಸೆಸ್‌ಮೆಂಟ್ (ಮಾಮೂಲಿ ಶುಲ್ಕದ ಮೇಲೆ ಹೆಚ್ಚುವರಿ ವಸೂಲಿ) ಏನಾದರೂ ಬರಲಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ.

ಮಾಮೂಲಿ ಶುಲ್ಕವನ್ನು ಅಮೆರಿಕದ ಟ್ಯಾಕ್ಸ್ ರಿಟರ್ನ್‌ನಲ್ಲಿ ಬಾಡಿಗೆ ಆದಾಯ ತೋರಿಸುವ ಫಾರ್ಮ್ ಆದ ಶೆಡ್ಯೂಲ್ ಇ ನಲ್ಲಿ ಖರ್ಚು ಅಂತ ತೋರಿಸಬಹುದು, ಅಷ್ಟು ಸಮಾಧಾನ.