ಚಾಮುಂಡಿ ಬೆಟ್ಟ ಯಾಕೆ ಬೆಳೀತಿಲ್ಲ?

ಪ್ರಶ್ನೆ: ಹಿಮಾಲಯ ಈಗ್ಲೂ ವರ್ಷ ವರ್ಷ ಬೆಳೀತಾನೇ ಐತಂತೆ, ಭೂಮಿ ಪ್ಲೇಟು ಜರುಗೋದ್ರಿಂದ ಹಂಗಾಗೋದು ಅಂತ ಮಗಳ ಪುಸ್ತಕದಲ್ಲಿ ಓದ್ದೆ. ಹಂಗಾದ್ರೆ ನಮ್ ಚಾಮುಂಡಿ ಬೆಟ್ಟ ಯಾಕ್ ಬೆಳೆಯಲ್ಲ ಸಾರ್? ನಮ್ ಕಡೆ ಪ್ಲೇಟು ನಿಂತೋಗೈತಾ?
— ಓದುಗರೊಬ್ಬರು, ಮದ್ದೂರು

ಉತ್ತರ: ನಿಂತಿಲ್ಲ ಕಣ್ರೀ. ಪ್ಲೇಟು ಅಂದ್ರೆ ಭೂಮಿಯ ಮೇಲ್ಗಡೆ ಇರೋ ಗಟ್ಟಿ ಕಲ್ಲಿನ ದೊಡ್ಡ ದೊಡ್ಡ ಚಪ್ಪಡಿ. ನೀವು ಇದನ್ನ ಓದ್ತಿರೋ ಹೊತ್ತಲ್ಲೂ ಮದ್ದೂರು, ಮೈಸೂರು, ಕೆಆರ್‌ಎಸ್ಸು ಎಲ್ಲಾನೂ ಹೊತ್ಕೊಂಡು ಭಾರತದ ಪ್ಲೇಟು ಉತ್ತರಕ್ಕೆ ಹೋಗ್ತಾನೇ ಇದೆ, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಇಷ್ಟೇನಾ ಅಂತೀರಾ? ಈಗಿರೋ ಮೈಸೂರು ಅರಮನೆ ಕಟ್ಟಿ ಮುಗಿದಿದ್ದು 1912ರಲ್ಲಿ, ಅವತ್ತಿಂದ ಇವತ್ತಿಗೆ ಅರಮನೆ ಇದ್ದಲ್ಲೇ ಇದ್ದು ಐದು ಮೀಟರಿಗೂ ಜಾಸ್ತಿ ಉತ್ತರಕ್ಕೆ ಹೋಗ್ಬಿಟ್ಟಿದೆ! ತಮಾಷೆ ಏನಂದ್ರೆ ಖಂಡಗಳು ಜರುಗ್ತವೆ ಅಂತ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಸಾಕ್ಷಿ ಸಮೇತ ಮಂಡಿಸಿದ್ದೂ ಅದೇ 1912ರಲ್ಲಿ, ಆಗ ಬಹಳ ಜನ ಒಪ್ಪಲಿಲ್ಲ, ಸಮುದ್ರದ ತಳ ಅಳೆದು ನೋಡಿ ಒಪ್ಪೋ ಹೊತ್ತಿಗೆ 1960ರ ದಶಕ ಬಂತು, ಪಾಪ ಅವರು 1930ರಲ್ಲೇ ಗ್ರೀನ್‌ಲ್ಯಾಂಡ್ ಹಿಮದಲ್ಲಿ ತೀರ್ಕೊಂಡಿದ್ರು.

ಇನ್ನೊಂದು ವಿಷ್ಯ, ಪ್ಲೇಟು ಲಾವಾ ಮೇಲೆ ತೇಲುತ್ತೆ ಅಂತ ಸುಮಾರು ಜನ ಹೇಳ್ತಾರೆ, ತಪ್ಪು. ಕೆಳಗಡೆ ಇರೋದೂ ಗಟ್ಟಿ ಕಲ್ಲೇ, ಆದ್ರೆ ಬಿಸಿ ಕಲ್ಲು. ನಿಮ್ಮೂರ ಕಡೆ ಆಲೆಮನೆ ಬೆಲ್ಲ ನೋಡಿರ್ತೀರಲ್ಲ, ಕುಟ್ಟಿದ್ರೆ ಚೂರಾಗುತ್ತೆ, ಅದೇ ಅಚ್ಚನ್ನ ಮಳೆಗಾಲದಲ್ಲಿ ಅಟ್ಟದ ಮೇಲೆ ಮರೆತುಬಿಟ್ರೆ ಮೆಲ್ಲಗೆ ಇಳಿದು ಕೂತಿರುತ್ತೆ. ಆ ಕಲ್ಲೂ ಹಂಗೇನೇ ಲಕ್ಷಾಂತರ ವರ್ಷದ ಲೆಕ್ಕದಲ್ಲಿ ಹರಿಯುತ್ತೆ.

ಈಗ ಹಿಮಾಲಯಕ್ಕೆ ಬರೋಣ. ಸುಮಾರು 5 ಕೋಟಿ ವರ್ಷದ ಹಿಂದೆ ನಮ್ಮ ಪ್ಲೇಟು ಹೋಗಿ ಏಷ್ಯಾಗೆ ಗುದ್ದಿತು, ಎರಡೂ ಕಡೆ ಹಗುರವಾದ ಖಂಡದ ಕಲ್ಲು ಆಗಿದ್ರಿಂದ ಯಾವ್ದೂ ಸಲೀಸಾಗಿ ಕೆಳಗೆ ಮುಳುಗಲಿಲ್ಲ, ಜಮಖಾನ ಗೋಡೆಗೆ ತಳ್ಳಿದ್ರೆ ಸುಕ್ಕಾಗಲ್ವಾ ಹಂಗೆ ಸುಕ್ಕಾಗಿ ಮೇಲೆದ್ವು. ಮಧ್ಯೆ ಇದ್ದ ಟೆಥಿಸ್ ಸಮುದ್ರ ಮುಚ್ಚೋಯ್ತು, ಅದರ ತಳದ ಕೆಸರೂ ಬೆಟ್ಟ ಹತ್ತಿತು. ಸಾಕ್ಷಿ ಬೇಕಾ? ಯಾರ ಮನೆ ದೇವರ ಪೆಟ್ಟಿಗೇಲಾದ್ರೂ ಸಾಲಿಗ್ರಾಮ ಇದ್ರೆ ಕೇಳಿ ನೋಡಿ. ನೇಪಾಳದ ಗಂಡಕಿ ನದೀಲಿ ಸಿಗೋ ಆ ಕರಿ ಕಲ್ಲಲ್ಲಿ ಸುರುಳಿ ಸುರುಳಿಯಾಗಿ ಚಕ್ರ ಇರುತ್ತಲ್ಲ, ಅದು ಅಮೋನೈಟ್ ಅನ್ನೋ ಸಮುದ್ರ ಪ್ರಾಣಿಯ ಚಿಪ್ಪಿನ ಗುರುತು! ನಮ್ಮಜ್ಜಿ ದಿನಾ ಅಭಿಷೇಕ ಮಾಡ್ತಿದ್ದಿದ್ದು ಕಾಣೆಯಾದ ಒಂದು ಸಮುದ್ರಕ್ಕೆ ಅಂತ ನಂಗೆ ತಿಳಿದಿದ್ದು ಬಹಳ ತಡವಾಗಿ.

ಚಾಮುಂಡಿ ಬೆಟ್ಟದ ಕಥೆನೇ ಬೇರೆ. ಅದು ಗುದ್ದಾಟದಲ್ಲಿ ಎದ್ದಿದ್ದಲ್ಲ. ಸುಮಾರು 80 ಕೋಟಿ ವರ್ಷದ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ಅಲ್ಲೇ ನಿಧಾನವಾಗಿ ಆರಿ ಗ್ರಾನೈಟ್ ಆಯ್ತು, ಮೇಲಿದ್ದಿದ್ದು, ಸುತ್ತ ಇದ್ದಿದ್ದು ಎಲ್ಲಾ ಮಳೆ ಗಾಳಿಗೆ ಸವೆದು ಹೋಗಿ ಇದು ಗಟ್ಟಿ ಇದ್ದಿದ್ರಿಂದ ಉಳ್ಕೊಂಡ್ತು. ಮುಂದಿನ ಸಲ ಮೆಟ್ಲು ಹತ್ತುವಾಗ ನಂದಿ ಹತ್ರ ಸುಧಾರಿಸ್ಕೊಳ್ತೀರಲ್ಲ, ಆಗ ಪಕ್ಕದ ಬಂಡೆ ಒಡೆದಿರೋ ಕಡೆ ನೋಡಿ, ಗುಲಾಬಿ ಬಣ್ಣದ ಹರಳುಗಳು ಬರಿಗಣ್ಣಿಗೇ ಕಾಣ್ತವೆ. ಬೇಗ ಆರಿದ್ರೆ ಅಷ್ಟು ದಪ್ಪ ಹರಳು ಆಗ್ತಾನೇ ಇರ್ಲಿಲ್ಲ. ನಾವಿರೋದು ಪ್ಲೇಟಿನ ಅಂಚಲ್ಲಲ್ಲ, ನಡುವಲ್ಲಿ, ಹಾಗಾಗಿ ಬೆಟ್ಟ ಮೇಲೇಳೋ ಬದ್ಲು ಸವೀತಾ ಇದೆ ಅಷ್ಟೇ.

ಹಂಗಂತ ಮಂಡ್ಯಕ್ಕೂ ಪ್ಲೇಟಿಗೂ ಸಂಬಂಧ ಇಲ್ಲ ಅನ್ಕೋಬೇಡಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಿತ್ಕೊಂಡು ಹೋಯ್ತು, ಮಲ್ಪೆ ಹತ್ರದ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಸಮಯದ ಲಾವಾ. ಹಿಂಗೆ ಸೀಳಿ ಹೋದಾಗ ಪಶ್ಚಿಮದ ಅಂಚು ಮೇಲೆದ್ದು ನೆಲ ಪೂರ್ವಕ್ಕೆ ವಾಲಿತು ಅಂತ ಬಹಳಷ್ಟು ಭೂವಿಜ್ಞಾನಿಗಳು ಹೇಳ್ತಾರೆ. ಅದಕ್ಕೇ ನೋಡಿ, ತಲಕಾವೇರಿಯಿಂದ ಅರಬ್ಬೀ ಸಮುದ್ರ ಅಷ್ಟು ಹತ್ರ ಇದ್ರೂ ಕಾವೇರಿ ಆ ಕಡೆ ಇಳೀದೆ 800 ಕಿಲೋಮೀಟರ್ ಸುತ್ತಿ ಬಂಗಾಳ ಕೊಲ್ಲಿಗೆ ಹೋಗ್ತಾಳೆ. ನಿಮ್ಮ ಗದ್ದೆಗೆ ನಾಲೆ ನೀರು ಬರ್ತಿರೋದು ಹಿಂಗೆ.

ಪ್ರಶ್ನೆ: ಪ್ಲೇಟಿನ ನಡುವೆ ಇದೀವಿ ಅಂದ್ಮೇಲೆ ನಮ್ಗೆ ಭೂಕಂಪದ ಭಯ ಇಲ್ವಲ್ಲ?
— ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಕಮ್ಮಿ, ಆದ್ರೆ ಇಲ್ವೇ ಇಲ್ಲ ಅನ್ನೋ ಹಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮ ಆಯ್ತಲ್ಲ, ಅದೂ ಪ್ಲೇಟಿನ ನಡುವೆನೇ ಇರೋ ಊರು.