ರಾತ್ರಿಯ ಭೂಮಿ, ಮೇಜಿನ ಮೇಲೆ: ಗ್ಲೋಬ್ ದೀಪದ ಪ್ರಶ್ನೋತ್ತರ

ಊರುಗಳ ರಾತ್ರಿ ಬೆಳಕನ್ನು ತೋರಿಸುವ ಗ್ಲೋಬ್ ದೀಪಗಳ ಬಗ್ಗೆ ಬಂದಿರುವ ಪತ್ರಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಭೂಮಿ ಕಪ್ಪಗಿದೆ, ಅದರ ಮೇಲೆ ಚಿನ್ನದ ಚುಕ್ಕಿಗಳಿವೆ. ಮನೆಗೆ ತಂದು ಹಚ್ಚಿದರೆ ಸಮುದ್ರವೆಲ್ಲ ಬೂದುಬಣ್ಣದಲ್ಲಿ ಹೊಳೆಯುತ್ತದೆ, ಊರುಗಳು ಎದ್ದು ಕಾಣುವುದೇ ಇಲ್ಲ. ಇನ್ನೂ ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಲೇ? (ಹಾಸನ)

ಉತ್ತರ: ಹಾಕಬೇಡಿ, ಇನ್ನಷ್ಟು ಕೆಡುತ್ತದೆ. ಇಂಥ ದೀಪದಲ್ಲಿ ಕೊರತೆ ಬೀಳುವುದು ಬೆಳಕಿಗಲ್ಲ, ಕತ್ತಲೆಗೆ. ಲೆಕ್ಕ ನೋಡಿ: ಗೋಳದ ಮೇಲ್ಮೈಯಲ್ಲಿ ಊರುಗಳ ಚುಕ್ಕಿಗಳೆಲ್ಲ ಸೇರಿ ನೂರರಲ್ಲಿ ಒಂದು ಪಾಲು ಅಂದುಕೊಳ್ಳಿ. ಉಳಿದ 99 ಪಾಲಿನ ಕಪ್ಪು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 1ರಷ್ಟನ್ನು ಮಾತ್ರ ಸೋರಲು ಬಿಟ್ಟರೂ, ಸೋರಿದ ಒಟ್ಟು ಬೆಳಕು ಊರುಗಳಿಂದ ಬರುವ ಒಟ್ಟು ಬೆಳಕಿನಷ್ಟೇ ಆಗಿಬಿಡುತ್ತದೆ! ಕಾಗದದ ಮೇಲೆ ಕಡುಕಪ್ಪಾಗಿ ಕಾಣುವ ಶಾಯಿ ಹಿಂದಿನಿಂದ ಬೆಳಕು ಬಿಟ್ಟರೆ ಕಂದು ಅಥವಾ ಬೂದುಬಣ್ಣಕ್ಕೆ ತಿರುಗುವುದು ಇದಕ್ಕೇ. ಅಗ್ಗದ ಗ್ಲೋಬ್‌ಗಳಲ್ಲಿ ಒಂದೇ ಪದರದ ಕಪ್ಪು ಇರುತ್ತದೆ.

ಮೊದಲು ಸುಲಭದ ಉಪಾಯ. ಬಲ್ಬ್ ಬದಲಿಸಿ ಅರ್ಧ ಅಥವಾ ಒಂದು ವ್ಯಾಟ್‌ನ, ಬೆಚ್ಚನೆ ಹಳದಿ ಬೆಳಕಿನ ಎಲ್‌ಇಡಿ ಹಾಕಿ. ಚುಕ್ಕಿಗೂ ಸೋರಿಕೆಗೂ ಇರುವ ಅನುಪಾತ ಇದರಿಂದ ಬದಲಾಗುವುದಿಲ್ಲ ನಿಜ, ಆದರೆ ಸೋರಿಕೆ ಕೋಣೆಯ ಮಂದ ಬೆಳಕಿನಲ್ಲಿ ಮುಚ್ಚಿಹೋಗುವಷ್ಟು ಕೆಳಗಿಳಿಯುತ್ತದೆ. ಹಳೆಯ ‘ಜೀರೋ ಬಲ್ಬ್’ ಮಾತ್ರ ಬೇಡ. ಹೆಸರು ಸೊನ್ನೆಯಾದರೂ ಅದು ಸುಮಾರು 12ರಿಂದ 15 ವ್ಯಾಟ್ ತಿನ್ನುತ್ತದೆ, ಅದರ ಬಿಸಿಗೆ ಪ್ಲಾಸ್ಟಿಕ್ ಗೋಳ ಹಳದಿಯಾಗುತ್ತದೆ, ನಡುವಿನ ಬೆಸುಗೆ ಬಾಯಿಬಿಡುತ್ತದೆ.

ಪೂರ್ತಿ ಪರಿಹಾರ ಬೇಕಿದ್ದರೆ ಗೋಳವನ್ನು ಬಿಚ್ಚಬೇಕು. ಹೆಚ್ಚಿನವು ಸಮಭಾಜಕ ವೃತ್ತದಲ್ಲಿ ಕೂಡಿಸಿದ ಎರಡು ಬಟ್ಟಲುಗಳು. ತೆಳ್ಳನೆಯ ಚಾಕುವಿನ ಮೊಂಡು ಬೆನ್ನನ್ನು ಸಂದಿಗೆ ತೂರಿಸಿ ನಿಧಾನವಾಗಿ ತಿರುವಿದರೆ ಕೊಂಡಿಗಳು ಬಿಡುತ್ತವೆ. ಅಂಟು ಹಾಕಿದ್ದರೆ ಬಿಡುವುದಿಲ್ಲ, ಒತ್ತಾಯ ಮಾಡಬೇಡಿ. ಬಿಚ್ಚಿದ ಮೇಲೆ ಒಳಗಿನಿಂದ ಸಮುದ್ರ, ಸಹಾರಾ, ಸೈಬೀರಿಯದ ಉತ್ತರ ಭಾಗ, ಅಮೆಜಾನ್ ಕಾಡು ಇವಿಷ್ಟಕ್ಕೆ ನೀರಿನಲ್ಲಿ ಕಲಸುವ ಮ್ಯಾಟ್ ಕಪ್ಪು ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಬಳಿಯಿರಿ. ಅದು ಒಣಗಿದ ಮೇಲೆ ಕಪ್ಪಿನ ಮೇಲೆ ಬಿಳಿ ಬಣ್ಣ ಒಂದು ಸಲ ಬಳಿಯಿರಿ. ಹಲವರು ಮರೆಯುವುದು ಈ ಬಿಳಿಯನ್ನೇ. ಒಳಮೈ ಬೆಳ್ಳಗಿದ್ದರೆ ಬೆಳಕು ಒಳಗೇ ಪುಟಿದು ಎಲ್ಲ ಊರಿಗೂ ಸಮನಾಗಿ ಹಂಚಿಕೆಯಾಗುತ್ತದೆ; ಕಪ್ಪಗೆ ಬಿಟ್ಟರೆ ಅರ್ಧ ಬೆಳಕನ್ನು ಬಣ್ಣವೇ ನುಂಗುತ್ತದೆ. ಮುಚ್ಚುವಾಗ ಸಂದಿಯ ಒಳಭಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದರೆ ಸಮಭಾಜಕದಲ್ಲಿ ಹೊಳೆಯುವ ಗೆರೆಯೂ ಹೋಗುತ್ತದೆ.

ಪ್ರಶ್ನೆ: ಗ್ಲೋಬ್ ಮೇಲಿರುವುದು ನಿಜವಾದ ಫೋಟೋವೇ? ಇಡೀ ಭೂಮಿಗೆ ಒಮ್ಮೆಲೇ ರಾತ್ರಿಯಾಗುವುದಿಲ್ಲವಲ್ಲ? (ಧಾರವಾಡ)

ಉತ್ತರ: ಒಂದು ಫೋಟೋ ಅಲ್ಲ, ಹಲವು ರಾತ್ರಿಗಳ ಹೊಲಿಗೆ. ನಾಸಾ 2012ರ ಡಿಸೆಂಬರಿನಲ್ಲಿ ಹೊರತಂದ ‘ಬ್ಲ್ಯಾಕ್ ಮಾರ್ಬಲ್’ ನಕ್ಷೆ ಇಂಥ ಬಹಳಷ್ಟು ದೀಪಗಳ ಮೂಲ. ಸುವೊಮಿ ಎನ್‌ಪಿಪಿ ಎಂಬ ಉಪಗ್ರಹ ಸುಮಾರು 824 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಪ್ರತಿ ಪ್ರದೇಶವನ್ನೂ ಅಲ್ಲಿನ ಗಡಿಯಾರದ ಸುಮಾರು ರಾತ್ರಿ ಒಂದೂವರೆಗೆ ದಾಟುತ್ತದೆ. ಆ ವರ್ಷ ಏಪ್ರಿಲ್‌ನ 9 ದಿನ, ಅಕ್ಟೋಬರ್‌ನ 13 ದಿನಗಳ ಮಾಹಿತಿಯಲ್ಲಿ ಮೋಡವಿಲ್ಲದ ತುಣುಕುಗಳನ್ನು ಆರಿಸಿ ಕೂಡಿಸಿದರು. 2016ರ ಮಾಹಿತಿಯ ಹೊಸ ನಕ್ಷೆ 2017ರಲ್ಲಿ ಬಂತು.

ಚಿನ್ನದ ಬಣ್ಣ ಆಮೇಲೆ ಬಳಿದದ್ದು. ಉಪಗ್ರಹದ ರಾತ್ರಿ ಸಂವೇದಕಕ್ಕೆ ಬಣ್ಣ ತಿಳಿಯದು. ಹಸಿರಿನಿಂದ ಅತಿಗೆಂಪಿನವರೆಗಿನ ಬೆಳಕನ್ನು ಒಟ್ಟಾಗಿ ಅಳೆಯುತ್ತದೆ ಅಷ್ಟೆ. ಬಿಳಿ ಎಲ್‌ಇಡಿಯಲ್ಲಿ ಜೋರಾಗಿರುವ ನೀಲಿ ಭಾಗ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಬೀದಿಯ ಸೋಡಿಯಂ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದ ಊರು, ನೆಲದ ಮೇಲೆ ಮೊದಲಿನಷ್ಟೇ ಬೆಳಗಿದರೂ ನಕ್ಷೆಯಲ್ಲಿ ತುಸು ಮಂಕಾಗಿ ಕಾಣಬಹುದು.

ನಕ್ಷೆ ಅಸಲಿಯೋ, ಕಾರ್ಖಾನೆಯವರು ಮನಸ್ಸಿಗೆ ಬಂದಂತೆ ಚುಕ್ಕಿ ಇಟ್ಟದ್ದೋ ನೋಡಲು ಎರಡೇ ಜಾಗ ಸಾಕು. ಈಜಿಪ್ಟಿನಲ್ಲಿ ನೈಲ್ ನದಿ ಕಾಂಡದ ತುದಿಗೆ ಹೂವಿಟ್ಟ ಹಾಗೆ ಬೆಳಗಿರಬೇಕು, ಎರಡೂ ಬದಿ ಕತ್ತಲೆ. ಉತ್ತರ ಕೊರಿಯಾ ಹೆಚ್ಚುಕಡಿಮೆ ಸಮುದ್ರದಷ್ಟೇ ಕಪ್ಪಗಿದ್ದು, ದಕ್ಷಿಣ ಕೊರಿಯಾ ದ್ವೀಪದಂತೆ ಹೊಳೆಯಬೇಕು. ಕೊರಿಯಾದ ಎರಡೂ ಭಾಗ ಸಮನಾಗಿ ಹೊಳೆಯುತ್ತಿದ್ದರೆ ಅದು ಬರೀ ಅಲಂಕಾರ.

ಪ್ರಶ್ನೆ: ನಮ್ಮ ಗ್ಲೋಬ್‌ನಲ್ಲಿ ಜಪಾನ್ ಮತ್ತು ಕೊರಿಯಾ ನಡುವೆ ನೀರಿನ ಮೇಲೆ ಚುಕ್ಕಿಗಳಿವೆ. ಮುದ್ರಣದ ತಪ್ಪೇ? (ಕುಮಟಾ)

ಉತ್ತರ: ಅಲ್ಲ, ಅವು ದೋಣಿಗಳು. ಸ್ಕ್ವಿಡ್ ಅಂದರೆ ನಿಮ್ಮ ಕಡೆಯ ಬೊಂಡಾಸ್. ಅದನ್ನು ಬೆಳಕಿಗೆ ಸೆಳೆದು ಹಿಡಿಯಲು ಆ ದೋಣಿಗಳವರು ಸಾಲುಸಾಲು ಪ್ರಖರ ದೀಪ ತೂಗುಹಾಕುತ್ತಾರೆ. ಅರ್ಜೆಂಟೀನಾದ ಪೂರ್ವಕ್ಕೆ ಅಟ್ಲಾಂಟಿಕ್‌ನಲ್ಲಿ ಕಾಣುವುದೂ ಇದೇ. ನೈಜರ್ ನದಿಮುಖ, ಪರ್ಷಿಯನ್ ಕೊಲ್ಲಿಯ ಕೆಲವು ಚುಕ್ಕಿಗಳು ಎಣ್ಣೆಬಾವಿಯಲ್ಲಿ ಉರಿಯುವ ಅನಿಲ. 2012ರ ನಕ್ಷೆಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಬರಡು ನೆಲದಲ್ಲಿ ಚುಕ್ಕಿಗಳು ಚೆಲ್ಲಿದ್ದರೆ ಅವು ಕಾಡ್ಗಿಚ್ಚು. ಭಾರತ–ಪಾಕಿಸ್ತಾನ ಗಡಿಯ ಗೆರೆ ನಿಜವಾದ ಗೆರೆಯೇ, ಬೇಲಿಯುದ್ದಕ್ಕೂ ಇರುವ ಫ್ಲಡ್‌ಲೈಟ್.

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಂದ ಇಂಥದ್ದೊಂದು ಮಾಡಿಸಬೇಕೆಂದಿದ್ದೇನೆ. ಖರ್ಚು ಕಡಿಮೆ ಇರಲಿ. (ಚಿಂತಾಮಣಿ, ಶಿಕ್ಷಕರು)

ಉತ್ತರ: ಮುದ್ರಣದ ಗೊಡವೆಗೆ ಹೋಗದೆ ಬಣ್ಣ ಮತ್ತು ಸೂಜಿಯಿಂದ ಮಾಡಿಸಿ. ಕತ್ತಲೆ ಇದರಲ್ಲೇ ಚೆನ್ನಾಗಿ ಬರುತ್ತದೆ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗೇಟಿನ ಕಂಬಕ್ಕೆ ಹಾಕುವ ಹಾಲುಬಿಳುಪಿನ 10 ಇಂಚಿನ ಗೋಳ ಸಿಗುತ್ತದೆ. ಅಕ್ರಿಲಿಕ್‌ನದೇ ಕೇಳಿ, ಪಾಲಿಥೀನಿನ ಮೆತ್ತನೆಯ ಗೋಳಕ್ಕೆ ಬಣ್ಣ ಹಿಡಿಯದೆ ಪೊರೆಯಂತೆ ಸುಲಿದು ಬರುತ್ತದೆ. ಥಿನ್ನರ್‌ನಿಂದಲೋ ಸ್ಪಿರಿಟ್‌ನಿಂದಲೋ ಒರೆಸಬೇಡಿ, ಅಕ್ರಿಲಿಕ್ ತುಂಬ ಕೂದಲೆಳೆಯ ಬಿರುಕು ಏಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆದು, 400 ನಂಬರಿನ ಉಜ್ಜುಕಾಗದದಿಂದ ಹಗುರಾಗಿ ಉಜ್ಜಿ. ಮ್ಯಾಟ್ ಕಪ್ಪು ಸ್ಪ್ರೇ ಬಣ್ಣವನ್ನು 25–30 ಸೆಂ.ಮೀ. ದೂರದಿಂದ ಮೂರು ಸಲ ತೆಳ್ಳಗೆ ಹೊಡೆಯಿರಿ, ಒಂದೊಂದರ ನಡುವೆ 20 ನಿಮಿಷ ಬಿಡಿ. ಇದನ್ನು ಶಿಕ್ಷಕರೇ, ಬಯಲಿನಲ್ಲಿ ಮಾಡಬೇಕು. ಎರಡನೇ ಸಲದ ಬಣ್ಣ ಒಣಗಿದ ಮೇಲೆ ಒಳಗೆ ಬಲ್ಬ್ ಹಚ್ಚಿ ನೋಡಿದರೆ ಎಲ್ಲಿ ತೆಳುವಾಗಿದೆ ಎಂದು ಗೊತ್ತಾಗುತ್ತದೆ. ಸೂಜಿ ಇಡುವ ಮುಂಚೆ ಪೂರ್ತಿ ಒಂದು ದಿನ ಒಣಗಲಿ. ಹಸಿ ಬಣ್ಣದಲ್ಲಿ ಚುಕ್ಕಿಯ ಬದಲು ಗೀರು ಬೀಳುತ್ತದೆ.

ಇನ್ನು ನಕ್ಷೆ. ನಾಸಾದ ಚಿತ್ರವನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು. 13,500 × 6,750 ಪಿಕ್ಸೆಲ್‌ನದು ನಿಮಗೆ ಧಾರಾಳ. ಈ ಆಯತವನ್ನು ಹಾಗೆಯೇ ಗೋಳಕ್ಕೆ ಸುತ್ತಲಾಗದು, ಕಿತ್ತಳೆಯ ತೊಳೆಗಳ ಹಾಗೆ 12 ಪಟ್ಟಿ ಮಾಡಬೇಕು, ಒಂದೊಂದು 30 ಡಿಗ್ರಿ ರೇಖಾಂಶ. ಅಂಗಡಿಯವರ 10 ಇಂಚನ್ನು ನಂಬದೆ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ವ್ಯಾಸ ಸರಿಯಾಗಿ 25 ಸೆಂ.ಮೀ. ಇದ್ದರೆ ಸುತ್ತಳತೆ 78.5, ತೊಳೆಯ ಉದ್ದ ಅದರ ಅರ್ಧ 39.3, ನಡುವಿನ ಅಗಲ 6.54 ಸೆಂ.ಮೀ. ಮೇಲಕ್ಕೆ ಹೋದಂತೆ ಅಗಲವನ್ನು ಆ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ: 30 ಡಿಗ್ರಿಯಲ್ಲಿ 5.66, 60ರಲ್ಲಿ 3.27, 75ರಲ್ಲಿ 1.69 ಸೆಂ.ಮೀ. ಚಿತ್ರದ ಆಯಾ ಅಡ್ಡಸಾಲನ್ನು ಅಷ್ಟಕ್ಕೆ ಕುಗ್ಗಿಸಬೇಕು.

ಪಟ್ಟಿಗಳನ್ನು ಎಲ್ಲಿ ಕತ್ತರಿಸುತ್ತೀರಿ ಎಂಬುದನ್ನೂ ಯೋಚಿಸಿ. ಸೊನ್ನೆ ರೇಖಾಂಶದಿಂದ ಶುರುಮಾಡಿದರೆ ಲಂಡನ್ ನಗರ, ನೈಲ್ ನದಿಮುಖ ಎರಡೂ ಅಂಚಿಗೆ ಸಿಕ್ಕಿ ಸೀಳುತ್ತವೆ. ಪೂರ್ವ ರೇಖಾಂಶ 65 ಮತ್ತು 95ರಲ್ಲಿ ಅಂಚು ಬರುವಂತೆ ಜರುಗಿಸಿದರೆ ಅರುಣಾಚಲ, ಅಸ್ಸಾಮ್, ನಾಗಾಲ್ಯಾಂಡ್‌ಗಳ ಪೂರ್ವದ ತುದಿ ಬಿಟ್ಟು ಉಳಿದ ಭಾರತವೆಲ್ಲ ಒಂದೇ ತೊಳೆಯಲ್ಲಿ ಕೂರುತ್ತದೆ.

ಸಾಧಾರಣ ಕಾಗದದಲ್ಲಿ ಮುದ್ರಿಸಿದ ತೊಳೆಗಳನ್ನು ಮಾಸ್ಕಿಂಗ್ ಟೇಪಿನಿಂದ ಗೋಳಕ್ಕೆ ಅಂಟಿಸಿ, ಕಾಗದದ ಮೂಲಕವೇ ಸೂಜಿಯ ಮೊನೆ ಊರಿ ಒಂದು ಸುತ್ತು ತಿರುಗಿಸಬೇಕು. ಒತ್ತಿ ಗೀಚಿದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ದೊಡ್ಡ ನಗರಕ್ಕೆ ಕೈವಾರದ ಮುಳ್ಳಿನಿಂದ ಚುಕ್ಕಿಯನ್ನು ಹಿಗ್ಗಿಸಿ. ಈ ಗೋಳದಲ್ಲಿ 1 ಮಿ.ಮೀ. ಅಂದರೆ 51 ಕಿ.ಮೀ.; ಬೆಂಗಳೂರಿನಿಂದ ಮೈಸೂರಿಗೆ ಎರಡೂವರೆ ಮಿ.ಮೀ., ಮಂಗಳೂರಿಗೆ ಸುಮಾರು ಆರು. ಆ ಆರರಲ್ಲಿ ಕರಾವಳಿಗೆ ಅಂಟಿಕೊಂಡಂತೆ ಘಟ್ಟದ ಕಪ್ಪು ಪಟ್ಟಿ ಉಳಿದರೆ ಕೆಲಸ ಶುದ್ಧವಾಗಿದೆ ಅಂತ ಲೆಕ್ಕ. ಗಂಗಾ ಬಯಲಿನಲ್ಲಿ, ಜರ್ಮನಿ–ಬೆಲ್ಜಿಯಂ ಕಡೆ ಕಂಡ ಚುಕ್ಕಿಗಳನ್ನೆಲ್ಲ ಚುಚ್ಚಲು ಹೋದರೆ ಅವು ಒಂದಕ್ಕೊಂದು ಕೂಡಿ ಬೆಳಕಿನ ಕಲೆಯಾಗುತ್ತದೆ. ಅರ್ಧ ಬಿಡಿ. ತಪ್ಪಿದ ಚುಕ್ಕಿಗೆ ಕಪ್ಪು ಬಣ್ಣ ತಾಗಿಸಿದರೆ ಮುಗಿಯಿತು.

ಗೋಳದ ಕೆಳಗಿನ ಬಾಯಿ ದಕ್ಷಿಣ ಧ್ರುವಕ್ಕೆ ಬರಲಿ. 25 ಸೆಂ.ಮೀ. ಗೋಳದಲ್ಲಿ ಬಾಯಿ 10 ಸೆಂ.ಮೀ. ಅಗಲವಿದ್ದರೆ ಅದು ಹೆಚ್ಚುಕಡಿಮೆ ಅಂಟಾರ್ಕ್ಟಿಕ್ ವೃತ್ತಕ್ಕೇ ಸರಿಹೊಂದುತ್ತದೆ. ಅದರಾಚೆ ಊರುಗಳೇ ಇಲ್ಲ, ನಷ್ಟವೂ ಇಲ್ಲ!

ದೀಪಕ್ಕೆ ತರಗತಿಯಲ್ಲಿ 230 ವೋಲ್ಟ್ ಬೇಡ. ಮೊಬೈಲ್ ಚಾರ್ಜರ್‌ನ 5 ವೋಲ್ಟ್‌ಗೆ ಬಿಳಿ ಎಲ್‌ಇಡಿ ನಾಲ್ಕನ್ನು ಪ್ಯಾರಲಲ್ ಆಗಿ ಜೋಡಿಸಿ, ಪ್ರತಿಯೊಂದಕ್ಕೂ ಬೇರೆಬೇರೆ 100 ಓಮ್ ರೆಸಿಸ್ಟರ್ ಇರಲಿ. ಒಂದೊಂದರಲ್ಲಿ ಸುಮಾರು 20 ಮಿಲಿಆಂಪಿಯರ್ ಹರಿಯುತ್ತದೆ. ನಾಲ್ಕಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಹೆಚ್ಚು ಎಳೆದು ಬೇಗ ಸಾಯುತ್ತದೆ. ಎಲ್‌ಇಡಿಗಳು ಗೋಳದ ನಡುಮಧ್ಯದಲ್ಲಿ ನಿಲ್ಲುವಂತೆ ಕೋಲಿಗೆ ಕಟ್ಟಿ. ಕೆಳಗೇ ಇಟ್ಟರೆ ದಕ್ಷಿಣ ಅಮೆರಿಕ ಬೆಳಗಿ ಯುರೋಪ್ ಮಂಕಾಗುತ್ತದೆ.

ಪ್ರಶ್ನೆ: ಅಮೆರಿಕದಿಂದ ಮಗಳು ಗ್ಲೋಬ್ ದೀಪ ಕಳಿಸಿದ್ದಾಳೆ. ಪಿನ್ ಬದಲಿಸುವ ಕನ್ವರ್ಟರ್ ಇದ್ದರೆ ಸಾಕೇ? (ಮೈಸೂರು)

ಉತ್ತರ: ಪಿನ್ ಬದಲಾದರೆ ವೋಲ್ಟೇಜ್ ಬದಲಾಗುವುದಿಲ್ಲ. ದೀಪದ ಜೊತೆ ಅಡಾಪ್ಟರ್ ಇದ್ದು, ಅದರ ಮೇಲೆ 100–240 ವೋಲ್ಟ್ ಎಂದಿದ್ದರೆ ನೇರ ಹಾಕಿ. ಅಡಾಪ್ಟರ್ ಇಲ್ಲದೆ ತಂತಿ ಸೀದಾ ಬಲ್ಬಿಗೆ ಹೋಗುತ್ತಿದ್ದರೆ ನಿಲ್ಲಿ. 120 ವೋಲ್ಟ್‌ನ ತಂತುದೀಪಕ್ಕೆ ನಮ್ಮ 230 ಕೊಟ್ಟ ಗಳಿಗೆಯಲ್ಲಿ ಅದು ಮೂರೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ ಎಳೆದು ಸುಟ್ಟುಹೋಗುತ್ತದೆ, ಗಾಜು ಸಿಡಿಯಲೂಬಹುದು. ಎಲೆಕ್ಟ್ರಿಷಿಯನ್ ಕೈಯಲ್ಲಿ ತಂತಿ, ಸ್ವಿಚ್, ಹೋಲ್ಡರ್ ಮೂರನ್ನೂ ಇಲ್ಲಿನದಕ್ಕೆ ಬದಲಿಸಿ 230 ವೋಲ್ಟ್‌ನ ಸಣ್ಣ ಎಲ್‌ಇಡಿ ಹಾಕಿಸಿ. ಇಷ್ಟು ಚಿಕ್ಕ ದೀಪಕ್ಕೆ ಟ್ರಾನ್ಸ್‌ಫಾರ್ಮರ್ ಕೊಳ್ಳುವುದು ದುಡ್ಡು ದಂಡ.

ಪ್ರಶ್ನೆ: ಗಾಳಿಯಲ್ಲಿ ತೇಲುವ ಗ್ಲೋಬ್ ಇದೆ. ಕರೆಂಟ್ ಹೋದಾಗಲೆಲ್ಲ ದಬ್ಬನೆ ಬೀಳುತ್ತದೆ, ಇನ್ವರ್ಟರ್ ಇದ್ದರೂ ಒಮ್ಮೊಮ್ಮೆ ಬಿದ್ದದ್ದುಂಟು. (ಬಳ್ಳಾರಿ)

ಉತ್ತರ: ಅದನ್ನು ಹಿಡಿದಿರುವುದು ವಿದ್ಯುತ್ಕಾಂತ. ಗೋಳ ಎಷ್ಟು ಮೇಲಿದೆ, ಕೆಳಗಿದೆ ಎಂದು ಸಂವೇದಕ ಕ್ಷಣಕ್ಷಣವೂ ನೋಡಿ ಕಾಂತದ ಬಲ ಹೆಚ್ಚುಕಡಿಮೆ ಮಾಡುತ್ತಿರುತ್ತದೆ. ಇನ್ವರ್ಟರ್ ಬದಲಾಗುವ ಕಣ್ಣುಮಿಟುಕಿನ ಹೊತ್ತಿನಲ್ಲೂ ಹಿಡಿತ ತಪ್ಪಬಹುದು. ಇನ್ವರ್ಟರ್ ಹಿಂದೆ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ, ಬದಲಾವಣೆ ಬೇಗ ಆಗುತ್ತದೆ. ಇನ್ನೂ ಒಳ್ಳೆಯದು ವೈಫೈ ರೂಟರ್‌ಗೆ ಬಳಸುವ ಪುಟ್ಟ ಡಿಸಿ ಯುಪಿಎಸ್. ಗ್ಲೋಬ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರುವ, ಪಿನ್ನಿನ ಧನ–ಋಣ ಹೊಂದುವ ಯುಪಿಎಸ್ ಸಾಕು. ಬೇರೆ ವೋಲ್ಟ್ ಇದ್ದರೆ ಇದು ಆಗದು. ಅಲ್ಲಿಯವರೆಗೆ ಕೆಳಗೆ ಒಂದು ಸೆಂ.ಮೀ. ದಪ್ಪದ ಫೋಮ್ ಹಾಸಿ. ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಈ ದೀಪ ಅವರ ಹತ್ತಿರ ಬೇಡ.

ಪ್ರಶ್ನೆ: ಧೂಳು ಒರೆಸುವುದು ಹೇಗೆ? ಕಾಲಿನ್ ಹಾಕಬಹುದೇ? (ಪುತ್ತೂರು)

ಉತ್ತರ: ಗಾಜು ಒರೆಸುವ ದ್ರಾವಣ ಯಾವುದೂ ಬೇಡ, ಮುದ್ರಣ ಏಳುತ್ತದೆ. ಪ್ಲಗ್ ತೆಗೆದು, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹಳೆ ಪಂಚೆಯ ತುಂಡಿನಿಂದ ಒರೆಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಗೋಳದ ಒಳಗೆ ಬೂಷ್ಟು ಹಿಡಿಯುವುದುಂಟು. ದಿನಕ್ಕೆ ಒಂದೆರಡು ಗಂಟೆ ದೀಪ ಹಚ್ಚಿಟ್ಟರೆ ಒಳಗಿನ ತೇವ ಆರುತ್ತದೆ.